ಊರಿನ ಮನೆ, ಬೆಂಗಳೂರಿನ ಕೆಲಸ: ಕಚೇರಿಯ ಕರೆ, ಉದ್ಯೋಗ ಕಡಿತ ಎರಡೂ ಒಂದೇ ಸುದ್ದಿಯೇ?

ಮಗನೋ ಮಗಳೋ ಐಟಿ ಕಂಪನಿಯಲ್ಲಿದ್ದು, ಊರಿನ ಮನೆಯಿಂದಲೇ ಕೆಲಸ ಮಾಡುತ್ತಿರುವ ಕುಟುಂಬಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರದ ಕಡೆ ಕಡಿಮೆಯೇನಿಲ್ಲ. ಈ ಮನೆಗಳಿಗೆ ಎರಡು ಬಗೆಯ ಸುದ್ದಿಗಳು ಒಂದರ ಹಿಂದೊಂದು ಬಂದು ತಲುಪಿವೆ. ಮನೆಯಿಂದ ಮಾಡಿದ್ದು ಸಾಕು, ಕಚೇರಿಗೆ ಬನ್ನಿ ಎಂಬ ಕಂಪನಿಗಳ ಕರೆ ಒಂದು. ಸಾವಿರಗಳ ಲೆಕ್ಕದಲ್ಲಿ ನಡೆಯುತ್ತಿರುವ ಉದ್ಯೋಗ ಕಡಿತ ಇನ್ನೊಂದು. 2025ರ ಜುಲೈ ಕೊನೆಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅಮೆಜಾನ್ ತನ್ನ ಕಚೇರಿ ಹುದ್ದೆಗಳಲ್ಲಿ ಸುಮಾರು 14 ಸಾವಿರವನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು.

ಎರಡನ್ನೂ ಒಟ್ಟಿಗೆ ಓದಿದವರಿಗೆ ಒಂದೇ ಪ್ರಶ್ನೆ ಏಳುತ್ತದೆ: ಊರಿಗೆ ಬಂದು ಕುಳಿತದ್ದರಿಂದಲೇ ಕೆಲಸ ಹೋಗುತ್ತದೆಯೇ, ನಾಳೆಯೇ ಬೆಂಗಳೂರಿನ ಬಸ್ಸು ಹತ್ತಿದರೆ ಅದು ಉಳಿಯುತ್ತದೆಯೇ? ಉತ್ತರ ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ. ಈ ಎರಡು ಸುದ್ದಿಗಳ ಕಾರಣಗಳು ಬೇರೆ ಬೇರೆ. ಆದರೆ ಒಂದು ಜಾಗದಲ್ಲಿ ಅವು ಕೂಡುತ್ತವೆ. ಕಂಪನಿಯೊಳಗೆ ನಡೆಯುವ ಮಾತು ದೂರದಲ್ಲಿ ಕುಳಿತವರನ್ನು ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ತಲುಪುತ್ತದೆ ಎಂಬುದೇ ಆ ಜಾಗ. ದೂರವು ಕೆಲಸವನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ಸುದ್ದಿಯನ್ನು ಕೆಡಿಸುತ್ತದೆ. ಉದ್ಯೋಗದ ಅಭದ್ರತೆಯ ದೊಡ್ಡ ಪಾಲು ಹುಟ್ಟುವುದು ಅಲ್ಲಿಂದ.

ಕೆಲಸ ಊರಿಗೆ ಬಂದದ್ದು ಹೇಗೆ

2020ರ ಮಾರ್ಚ್‌ನ ಲಾಕ್‌ಡೌನ್‌ಗೆ ಮೊದಲು ದೊಡ್ಡ ಐಟಿ ಕಂಪನಿಗಳಲ್ಲಿ ಮನೆಯಿಂದ ಕೆಲಸ ಎಂಬುದು ಅಪರೂಪದ ಅನುಮತಿಯಾಗಿತ್ತು. ಗ್ರಾಹಕ ಕಂಪನಿಯ ಮಾಹಿತಿ ಹೊರಗೆ ಹೋಗಬಾರದೆಂಬ ಕರಾರು ಅದಕ್ಕೆ ಒಂದು ಕಾರಣವಾದರೆ, ಸರ್ಕಾರದ ನಿಯಮಗಳು ಇನ್ನೊಂದು ಕಾರಣ. ಕಾಲ್ ಸೆಂಟರ್ ಮಾದರಿಯ ಸೇವೆ ಕೊಡುವ ಸಂಸ್ಥೆಗಳಿಗೆ ದೂರಸಂಪರ್ಕ ಇಲಾಖೆ ವಿಧಿಸಿದ್ದ ನೋಂದಣಿ ಮತ್ತು ಠೇವಣಿಯ ಕಟ್ಟುಪಾಡುಗಳು ಸಡಿಲವಾದದ್ದು 2020ರ ನವೆಂಬರ್‌ನಲ್ಲಿ. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂಬುದಕ್ಕೆ ನಿಯಮದ ಒಪ್ಪಿಗೆ ಸಿಕ್ಕಿದ್ದು ಆಗ. ವಿಶೇಷ ಆರ್ಥಿಕ ವಲಯಗಳ ಕಥೆ ಬೇರೆ. ಅಲ್ಲಿಗೆ ತೆರಿಗೆ ವಿನಾಯಿತಿಯಲ್ಲಿ ತಂದ ಕಂಪ್ಯೂಟರನ್ನು ವಲಯದ ಗೇಟಿನ ಹೊರಗೆ ಒಯ್ಯುವುದಕ್ಕೂ ಅನುಮತಿ ಬೇಕು. ಅಂಥ ಕಡೆ 2022ರ ಜುಲೈನಲ್ಲಿ ಅರ್ಧದಷ್ಟು ಸಿಬ್ಬಂದಿಗೆ ಮನೆಯಿಂದ ಕೆಲಸ ಮಾಡಲು ಅವಕಾಶ ಸಿಕ್ಕಿತು. ಅದು ಆ ವರ್ಷದ ಕೊನೆಗೆ ಎಲ್ಲರಿಗೂ ವಿಸ್ತರಣೆಯಾಯಿತು, ಬಳಿಕ 2024ರ ಡಿಸೆಂಬರ್ 31ರವರೆಗೆ ಮುಂದುವರಿಯಿತು. ಹೀಗೆ ದಿನಾಂಕ ಹಾಕಿಯೇ ಕೊಟ್ಟ ಅವಕಾಶ ಅದು. ಆದರೆ ಊರಿಗೆ ಬಂದವರಲ್ಲಿ ಹೆಚ್ಚಿನವರಿಗೆ ಆ ದಿನಾಂಕವನ್ನು ಯಾರೂ ಹೇಳಿರಲಿಲ್ಲ.

ಇತ್ತ ಉತ್ತರ ಕನ್ನಡದಲ್ಲಿ ಅದೇ ಅವಧಿಯಲ್ಲಿ ಮನೆಗಳು ಕೆಲಸಕ್ಕೆ ತಕ್ಕಂತೆ ಬದಲಾದವು. ಅಡಿಕೆ ತೋಟದ ಅಂಚಿನಲ್ಲಿ, ಬೆಟ್ಟದ ಮರದಿಂದ ಮರಕ್ಕೆ, ಬಿಎಸ್‌ಎನ್‌ಎಲ್ ಮತ್ತು ಸ್ಥಳೀಯ ಕೇಬಲ್‌ನವರ ಫೈಬರ್ ಎಳೆ ಬಂದಿತು. ಅಟ್ಟದ ಮೇಲೋ ಜಗಲಿಯ ಪಕ್ಕದ ಕೋಣೆಯಲ್ಲೋ ಮೇಜು ಬಂದಿತು. ಇನ್ವರ್ಟರ್, ಎರಡನೆಯ ಸಿಮ್, ರೂಟರ್‌ಗೆಂದೇ ಇಟ್ಟ ಪುಟ್ಟ ಯುಪಿಎಸ್ ಬಂದವು. ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಕರಾವಳಿಯ ಕಾರವಾರ, ಕುಮಟಾಗಳಿಗೆ ಕೊಂಕಣ ರೈಲ್ವೆ ಇದೆ, ಶಿರಸಿಗೆ ರೈಲೇ ಇಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಕಚೇರಿಗೆ ಬಂದು ಹೋಗಿ ಎಂಬ ಮಾತು ತುಮಕೂರಿನವರಿಗೆ ಒಂದು ಅರ್ಥ ಕೊಟ್ಟರೆ ಶಿರಸಿಯವರಿಗೆ ಬೇರೆಯೇ ಅರ್ಥ ಕೊಡುತ್ತದೆ. ಇಲ್ಲಿಂದ ವಾರಕ್ಕೆ ಎರಡು ದಿನ ಎಂದರೆ ಬೆಂಗಳೂರಿನಲ್ಲಿ ಮತ್ತೊಂದು ಮನೆ ಮಾಡಬೇಕು ಎಂದೇ ಅರ್ಥ.

ಕರೆ ಬಂದ ಬಗೆ

ಕಚೇರಿಯ ಕರೆ ಒಂದೇ ದಿನ ಬರಲಿಲ್ಲ, ಎಲ್ಲ ಕಡೆ ಒಂದೇ ಆಗಿಯೂ ಇಲ್ಲ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರಬೇಕೆಂದಿತು. ವಿಪ್ರೊ 2023ರ ನವೆಂಬರ್ ಮಧ್ಯದಿಂದ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಇನ್ಫೊಸಿಸ್ 2025ರ ಮಾರ್ಚ್ 10ರಿಂದ ಮಧ್ಯಮ ಮತ್ತು ಕೆಳಹಂತದ ಸಿಬ್ಬಂದಿ ತಿಂಗಳಿಗೆ ಕನಿಷ್ಠ 10 ದಿನ ಕಚೇರಿಯಿಂದ ಕೆಲಸ ಮಾಡಬೇಕೆಂದು ನಿಗದಿಪಡಿಸಿತು. ಅಮೆಜಾನ್ 2025ರ ಜನವರಿಯಿಂದ ವಾರದ ಐದು ದಿನಕ್ಕೆ ಮರಳಿತು.

ಕರೆಯನ್ನು ಜಾರಿಗೆ ತರುವ ವಿಧಾನವೂ ಬದಲಾಯಿತು. ಮೊದಲು ಇಮೇಲ್‌ನಲ್ಲಿ ವಿನಂತಿ, ಆಮೇಲೆ ಮ್ಯಾನೇಜರ್ ಮೂಲಕ ನೆನಪು, ಕೊನೆಗೆ ಸಂಬಳದ ಲೆಕ್ಕ. ಟಿಸಿಎಸ್ 2024ರಲ್ಲಿ ತ್ರೈಮಾಸಿಕ ವೇರಿಯಬಲ್ ಪೇ, ಅಂದರೆ ಸಂಬಳದಲ್ಲಿ ಏರಿಳಿಯುವ ಭಾಗದ ಮೊತ್ತವನ್ನು ಕಚೇರಿಯ ಹಾಜರಿಗೆ ಕಟ್ಟಿತು: ಶೇ 85ಕ್ಕಿಂತ ಹೆಚ್ಚು ಹಾಜರಿದ್ದವರಿಗೆ ಪೂರ್ತಿ, ಶೇ 60ಕ್ಕಿಂತ ಕಡಿಮೆ ಇದ್ದವರಿಗೆ ಏನೂ ಇಲ್ಲ. ಕಚೇರಿಯ ಬಾಗಿಲಲ್ಲಿ ಸ್ವೈಪ್ ಮಾಡಿದ ಕಾರ್ಡು ಹೀಗೆ ಹಾಜರಿ ಪುಸ್ತಕದ ಜೊತೆಗೆ ಸಂಬಳದ ಚೀಟಿಗೂ ಅಂಟಿಕೊಂಡಿತು.

ಆದರೂ ಬಹಳ ಮಂದಿ ಊರಿನಲ್ಲೇ ಉಳಿದರು. ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಬಾಯಿಮಾತಿನ ಅನುಮತಿ. ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಬಲ್ಲವರನ್ನು ಕಳೆದುಕೊಳ್ಳಲು ಇಷ್ಟವಿಲ್ಲದೆ, ‘ಸದ್ಯಕ್ಕೆ ನೀವು ಅಲ್ಲಿಂದಲೇ ನೋಡಿಕೊಳ್ಳಿ’ ಎಂದಿರುತ್ತಾರೆ. ಆ ಮಾತು ಆ ಮ್ಯಾನೇಜರ್ ಆ ಪ್ರಾಜೆಕ್ಟ್‌ನಲ್ಲಿ ಇರುವವರೆಗೆ ಮಾತ್ರ ನಡೆಯುತ್ತದೆ. ಅವರು ಬದಲಾದ ದಿನ, ಹೊಸಬರ ಕಣ್ಣಿಗೆ ಬೀಳುವುದು ಹಾಜರಿಯ ಪಟ್ಟಿಯಲ್ಲಿ ಕೆಂಪಾಗಿರುವ ಒಂದು ಹೆಸರು ಅಷ್ಟೇ.

ಕಡಿತದ ಲೆಕ್ಕ ನಡೆಯುವುದು ಎಲ್ಲಿ

ಉದ್ಯೋಗ ಕಡಿತದ ಮೂಲ ಕಾರಣವನ್ನು ಮನೆ ಅಥವಾ ಕಚೇರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಭಾರತದ ದೊಡ್ಡ ಐಟಿ ಸೇವಾ ಕಂಪನಿಗಳ ಗಳಿಕೆ ನಿಂತಿರುವುದು ಗ್ರಾಹಕರಿಗೆ ಬಿಲ್ ಮಾಡಬಹುದಾದ ದಿನಗಳ ಮೇಲೆ. ಪ್ರಾಜೆಕ್ಟ್ ಮುಗಿದು, ಮುಂದಿನ ಪ್ರಾಜೆಕ್ಟ್ ಸಿಗುವ ತನಕ ಉದ್ಯೋಗಿ ‘ಬೆಂಚ್’ ಮೇಲಿರುತ್ತಾರೆ. ಸಂಬಳ ಬರುತ್ತಿರುತ್ತದೆ, ಬಿಲ್ ಆಗುವುದಿಲ್ಲ. ಬೇಡಿಕೆ ಏರುತ್ತಿದ್ದ ಕಾಲದಲ್ಲಿ ದೊಡ್ಡ ಬೆಂಚ್ ಇದ್ದಷ್ಟೂ ಒಳ್ಳೆಯದೆಂದು ಕಂಪನಿಗಳು ಭಾವಿಸಿದ್ದವು, ನಾಳೆ ಬರುವ ಕೆಲಸಕ್ಕೆ ಜನ ಸಿದ್ಧವಾಗಿರುತ್ತಾರೆ ಎಂಬ ಕಾರಣಕ್ಕೆ. ಬೇಡಿಕೆ ಮಂದವಾದಾಗ ಅದೇ ಬೆಂಚ್ ಖರ್ಚಾಗಿ ಕಾಣುತ್ತದೆ.

ಟಿಸಿಎಸ್ 2025ರ ಜೂನ್‌ನಲ್ಲಿ ಜಾರಿಗೆ ತಂದ ನಿಯಮ ಇದನ್ನು ನೇರವಾಗಿಯೇ ಹೇಳಿತು: ಪ್ರತಿ ಉದ್ಯೋಗಿಗೆ ವರ್ಷಕ್ಕೆ ಕನಿಷ್ಠ 225 ಬಿಲ್ ಆಗುವ ದಿನಗಳಿರಬೇಕು, ಬೆಂಚ್ ಮೇಲಿನ ಅವಧಿ 35 ಕೆಲಸದ ದಿನ ಮೀರಬಾರದು. ಮರುತಿಂಗಳೇ ಬಂದ ಕಡಿತದ ಪ್ರಕಟಣೆಯ ಬಗ್ಗೆ ಕಂಪನಿಯ ಮುಖ್ಯಸ್ಥರು, ಇದು ಕೃತಕ ಬುದ್ಧಿಮತ್ತೆಯಿಂದ ಕೆಲಸ ಕಡಿಮೆಯಾದದ್ದಕ್ಕೆ ಅಲ್ಲ, ಇರುವ ಕೌಶಲಕ್ಕೂ ಬೇಕಾದ ಕೌಶಲಕ್ಕೂ ಹೊಂದಿಕೆಯಾಗದ ಕಡೆ ಎಂದು ವಿವರಿಸಿದರು. ನೌಕರರ ಸಂಘಟನೆಗಳು ಈ ವಿವರಣೆಯನ್ನು ಒಪ್ಪಲಿಲ್ಲ. ಹಿರಿಯರ ಸಂಬಳ ಉಳಿಸುವುದಕ್ಕೆ ಕೌಶಲದ ಹೆಸರು ಬಳಕೆಯಾಗುತ್ತಿದೆ ಎಂಬುದು ಅವರ ವಾದ. ಎರಡೂ ಮಾತಿನಲ್ಲಿ ಊರಿನ ಮನೆಯ ಪ್ರಸ್ತಾಪವಿಲ್ಲ ಎಂಬುದನ್ನು ಗಮನಿಸಬೇಕು.

ಓದುಗರನ್ನು ಗೊಂದಲಕ್ಕೆ ಕೆಡವಿದ ಇನ್ನೊಂದು ಸಂಗತಿ ಅಂಕಿಗಳದು. ಪ್ರಕಟಣೆಯಲ್ಲಿದ್ದದ್ದು 12 ಸಾವಿರ. ಆದರೆ 2025ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಕೊನೆಗೆ ಕಂಪನಿಯ ಒಟ್ಟು ಸಿಬ್ಬಂದಿ ಸಂಖ್ಯೆ 19 ಸಾವಿರಕ್ಕೂ ಹೆಚ್ಚು ಇಳಿದಿತ್ತು. ಇದರಲ್ಲಿ ಯಾರಾದರೂ ಸುಳ್ಳು ಹೇಳಿದ್ದಾರೆ ಎಂದು ಕೂಡಲೇ ತೀರ್ಮಾನಿಸಬೇಕಿಲ್ಲ. ಒಟ್ಟು ಇಳಿಕೆಯಲ್ಲಿ ಕಂಪನಿ ತೆಗೆದುಹಾಕಿದವರ ಜೊತೆಗೆ ತಾವಾಗಿ ಬಿಟ್ಟವರೂ, ಅವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದೆ ಖಾಲಿ ಬಿಟ್ಟ ಹುದ್ದೆಗಳೂ ಸೇರುತ್ತವೆ. ಮುಖ್ಯ ಪ್ರಶ್ನೆ ಏಳುವುದು ಇಲ್ಲೇ: ‘ತಾವಾಗಿ’ ಬಿಟ್ಟವರಲ್ಲಿ ನಿಜಕ್ಕೂ ತಾವಾಗಿ ಬಿಟ್ಟವರು ಎಷ್ಟು ಮಂದಿ? ಕಚೇರಿಯ ಕರೆಗೂ ಕಡಿತಕ್ಕೂ ಇರುವ ಮೊದಲ ಗಂಟು ಇದು. ದೂರದ ಊರಿನಲ್ಲಿ ನೆಲೆ ನಿಂತವರಿಗೆ ಐದು ದಿನದ ಹಾಜರಿ ಕಡ್ಡಾಯ ಮಾಡಿದರೆ ಅವರಲ್ಲಿ ಕೆಲವರು ರಾಜೀನಾಮೆ ಕೊಡುತ್ತಾರೆಂಬುದು ಯಾವ ಕಂಪನಿಗೂ ತಿಳಿಯದ ವಿಷಯವಲ್ಲ. ಪರಿಹಾರವಿಲ್ಲದೆ, ಪ್ರಕಟಣೆಯಿಲ್ಲದೆ ಸಂಖ್ಯೆ ಇಳಿಯುತ್ತದೆ. ಅದು ಕಂಪನಿಯ ಉದ್ದೇಶವೇ ಆಗಿತ್ತೆಂದು ಸಾಬೀತುಪಡಿಸುವುದು ಕಷ್ಟ. ಆದರೆ ಪರಿಣಾಮ ಅದೇ ಆಗುತ್ತದೆ.

ಹಾಗೆಂದು ಕಚೇರಿಗೆ ಮರಳಿದವರು ಸುರಕ್ಷಿತ ಎಂದೂ ಹೇಳುವಂತಿಲ್ಲ. ಅಮೆಜಾನ್‌ನಲ್ಲಿ ಐದು ದಿನದ ಹಾಜರಿ ಕಡ್ಡಾಯವಾದ ಹತ್ತು ತಿಂಗಳಿಗೆ ಆ ದೊಡ್ಡ ಕಡಿತ ಬಂದಿತು. ಐದೂ ದಿನ ಹೋಗುತ್ತಿದ್ದವರೂ ಅದರಲ್ಲಿದ್ದರು.

ಮಳೆಗಾಲದ ಒಂದು ಮೀಟಿಂಗ್

ಎರಡನೆಯ ಗಂಟು ಮಾತಿನದು. ಅದನ್ನು ಹತ್ತಿರದಿಂದ ನೋಡಬೇಕು.

ಶಿರಸಿ–ಸಿದ್ದಾಪುರದ ನಡುವಿನ ಯಾವುದಾದರೂ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಜುಲೈ ತಿಂಗಳು, ಸಂಜೆ ಏಳು ಗಂಟೆ. ಅಮೆರಿಕದ ಗ್ರಾಹಕರಿಗೆ ಬೆಳಗು, ಹಾಗಾಗಿ ದಿನದ ಮುಖ್ಯ ಮೀಟಿಂಗ್ ಈಗಲೇ. ಮಧ್ಯಾಹ್ನವೇ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗಿದೆ, ಇನ್ವರ್ಟರ್ ಇನ್ನೆಷ್ಟು ಹೊತ್ತು ತಡೆಯುತ್ತದೋ ಗೊತ್ತಿಲ್ಲ. ಫೈಬರ್ ಎಳೆಯೂ ಅದೇ ಕೊಂಬೆಗೆ ಸಿಕ್ಕಿ ಹರಿದಿರುವುದರಿಂದ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ. ಸಿಗ್ನಲ್ ಸಿಗುವುದು ಟವರ್ ಕಡೆಗೆ ತೆರೆದ ಒಂದೇ ಕಿಟಕಿಯಲ್ಲಿ, ಆದ್ದರಿಂದ ಮೇಜು ಅಲ್ಲಿಗೆ ಸರಿದಿದೆ. ಡೇಟಾ ಉಳಿಸಲು ವಿಡಿಯೊ ಬಂದ್. ಹೆಂಚಿನ ಮೇಲೆ ಮಳೆಯ ಸದ್ದು ಮೈಕಿಗೆ ಬೀಳುವುದರಿಂದ ಮಾತಾಡುವಾಗ ಮಾತ್ರ ಅನ್‌ಮ್ಯೂಟ್. ನಡುವೆ ಮೂರು ನಿಮಿಷ ಸಂಪರ್ಕ ತಪ್ಪುತ್ತದೆ. ಮತ್ತೆ ಒಳಬಂದಾಗ ಮಾತು ಮುಂದೆ ಹೋಗಿಬಿಟ್ಟಿದೆ. ‘ಇನ್ನೊಮ್ಮೆ ಹೇಳುತ್ತೀರಾ’ ಎಂದು ಒಂದು ಸಲ ಕೇಳಬಹುದು, ಎರಡು ಸಲ ಕೇಳಬಹುದು. ಮೂರನೆಯ ಸಲ ಯಾರೂ ಕೇಳುವುದಿಲ್ಲ.

ಆ ಮೂರು ನಿಮಿಷದಲ್ಲಿ ತಪ್ಪಿಹೋದದ್ದು ಕೆಲಸವಲ್ಲ. ಕೋಡ್ ಬರೆಯುವುದು, ಪರೀಕ್ಷಿಸುವುದು, ದೋಷ ತಿದ್ದುವುದು ರಾತ್ರಿ ಹನ್ನೊಂದಕ್ಕೆ ಕರೆಂಟು ಬಂದ ಮೇಲೂ ಆದೀತು. ತಪ್ಪಿದ್ದು ಗ್ರಾಹಕರ ಕಡೆಯವರು ಆಡಿದ ಒಂದು ಅರೆಮಾತು: ಮುಂದಿನ ವರ್ಷದ ಬಜೆಟ್ ಇನ್ನೂ ಖಚಿತವಾಗಿಲ್ಲ ಎಂಬಂಥದ್ದು. ಬೆಂಗಳೂರಿನ ಕಚೇರಿಯಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಅದನ್ನು ಕೇಳಿದವರು ಮೀಟಿಂಗ್ ಮುಗಿದ ಮೇಲೆ ಮುಖ ನೋಡಿಕೊಳ್ಳುತ್ತಾರೆ, ಕ್ಯಾಂಟೀನ್‌ಗೆ ನಡೆಯುವಾಗ ಅದರ ಬಗ್ಗೆ ಮಾತಾಡುತ್ತಾರೆ, ಮರುದಿನವೇ ಬೇರೆ ಪ್ರಾಜೆಕ್ಟ್‌ನ ಪರಿಚಯದವರಿಗೆ ಒಂದು ಮೆಸೇಜು ಹಾಕುತ್ತಾರೆ. ಊರಿನಲ್ಲಿದ್ದವರಿಗೆ ಪ್ರಾಜೆಕ್ಟ್ ಮುಗಿಯುವುದು ತಿಳಿಯುವುದು ಅದು ಮುಗಿದ ವಾರ. 35 ದಿನಗಳ ಗಡುವು ಎಲ್ಲರಿಗೂ ಒಂದೇ. ಆದರೆ ಕೆಲವರು ಆ ಗಡುವು ಆರಂಭವಾಗುವ ಮೊದಲೇ ಓಡತೊಡಗಿರುತ್ತಾರೆ, ಇನ್ನು ಕೆಲವರಿಗೆ ಓಟ ಇದೆಯೆಂದೇ ಆಮೇಲೆ ಗೊತ್ತಾಗುತ್ತದೆ.

ಇದು ಬರಿಯ ಊಹೆಯಲ್ಲ. ಮೈಕ್ರೋಸಾಫ್ಟ್‌ನ ಸಂಶೋಧಕರು ತಮ್ಮದೇ ಕಂಪನಿಯ ಅಮೆರಿಕದ 61 ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಇಮೇಲ್, ಮೀಟಿಂಗ್, ಚಾಟ್‌ಗಳ ಲೆಕ್ಕವನ್ನು ವಿಶ್ಲೇಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕಂಡಿತು. ಎಲ್ಲರೂ ಮನೆಗೆ ಹೋದ ಮೇಲೆ ಒಂದೇ ತಂಡದವರ ನಡುವಿನ ಸಂಪರ್ಕ ಗಟ್ಟಿಯಾಗಿಯೇ ಉಳಿಯಿತು. ಆದರೆ ಬೇರೆ ಬೇರೆ ತಂಡಗಳ ನಡುವಿನ ಸಂಪರ್ಕ ತೆಳುವಾಯಿತು. ಎದುರುಬದುರು ನಡೆಯುವ ಮಾತು ಕಡಿಮೆಯಾಗಿ, ಆಮೇಲೆ ನೋಡಿ ಉತ್ತರಿಸುವ ಸಂದೇಶ ಹೆಚ್ಚಿತು. ಕಂಪನಿಯೊಳಗೆ ಹೊಸ ಕೆಲಸ ಹುಡುಕಬೇಕಾದವರಿಗೆ ಬೇಕಾದದ್ದು ಆ ಬೇರೆ ತಂಡಗಳ ಪರಿಚಯವೇ. ಬೆಂಚ್‌ನಿಂದ ಏಳಿಸುವ ಕೈ ಸ್ವಂತ ತಂಡದಿಂದ ಬರುವುದಿಲ್ಲ, ಏಕೆಂದರೆ ಆ ತಂಡವೇ ಬೆಂಚ್‌ಗೆ ಬಂದಿರುತ್ತದೆ.

ಇನ್ನೊಂದು ಅಧ್ಯಯನ ಚೀನಾದ ಟ್ರಿಪ್ ಡಾಟ್ ಕಾಮ್ ಎಂಬ ಪ್ರವಾಸ ಕಂಪನಿಯದು. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 1,612 ಉದ್ಯೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೊಟ್ಟು ನೋಡಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ಗುಂಪುಗಳ ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ, ಕೆಲಸ ಬಿಟ್ಟುಹೋಗುವವರ ಪ್ರಮಾಣ ಮಾತ್ರ ಮೂರನೇ ಒಂದರಷ್ಟು ಇಳಿಯಿತು. ಇದು ಉದ್ಯೋಗಿಗಳ ಪರವಾದ ಬಲವಾದ ಸಾಕ್ಷಿ. ಆದರೆ ವಾರದ ಉಳಿದ ಮೂರು ದಿನ ಅವರು ಕಚೇರಿಯಲ್ಲಿದ್ದರು ಎಂಬುದನ್ನು ಮರೆಯಬಾರದು. ವರ್ಷಕ್ಕೊಮ್ಮೆ ಬೆಂಗಳೂರಿನ ಮುಖ ನೋಡುವ ಶಿರಸಿಯವರಿಗೆ ಈ ಫಲಿತಾಂಶ ನೇರವಾಗಿ ಅನ್ವಯಿಸುವುದಿಲ್ಲ.

ಎರಡೂ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಮನೆಯಿಂದ ಮಾಡಿದ ಕೆಲಸ ಕಳಪೆ ಎಂಬ ವಾದ ನಿಲ್ಲುವುದಿಲ್ಲ, ಮನೆಯಿಂದ ಮಾಡಿದರೆ ಏನೂ ನಷ್ಟವಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ನಷ್ಟವಿದೆ, ಅದು ಮಾತು ಬರವಣಿಗೆಗೆ ಇಳಿಯದ ಕಡೆ ಆಗುತ್ತದೆ. ತೀರ್ಮಾನಗಳನ್ನು ಅದೇ ದಿನ ನಾಲ್ಕು ಸಾಲಿನಲ್ಲಿ ಬರೆದು ಎಲ್ಲರಿಗೂ ಕಳುಹಿಸುವ ತಂಡದಲ್ಲಿ, ಖಾಲಿ ಇರುವ ಹುದ್ದೆಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಕಂಪನಿಯಲ್ಲಿ, ಪ್ರಾಜೆಕ್ಟ್‌ನ ಭವಿಷ್ಯವನ್ನು ತಿಂಗಳಿಗೊಮ್ಮೆ ಮುಚ್ಚುಮರೆಯಿಲ್ಲದೆ ಹೇಳುವ ಮ್ಯಾನೇಜರ್ ಕೈಕೆಳಗೆ, ಆ ಮೂರು ನಿಮಿಷದ ಮಳೆ ಯಾರ ಕೆಲಸವನ್ನೂ ಅಲುಗಾಡಿಸುವುದಿಲ್ಲ. ದುಬಾರಿಯೇನಲ್ಲದ ಈ ಅಭ್ಯಾಸವನ್ನು ರೂಢಿಸಿಕೊಳ್ಳದೆ, ಸಂವಹನ ಕೆಟ್ಟಿದೆ ಎಂಬ ಕಾರಣ ಕೊಟ್ಟು ಎಲ್ಲರನ್ನೂ ವಾಪಸ್ ಕರೆಯುವುದು ನ್ಯಾಯವೆನಿಸುವುದಿಲ್ಲ.

ಕಂಪನಿಗಳ ಮಾತಿನಲ್ಲಿ ಸತ್ಯ ಎಷ್ಟು

ಕಂಪನಿಗಳ ವಾದದಲ್ಲಿ ಅತ್ಯಂತ ಗಟ್ಟಿಯಾದದ್ದು ಹೊಸಬರ ಕಲಿಕೆಗೆ ಸಂಬಂಧಿಸಿದ್ದು. ಕಾಲೇಜು ಮುಗಿಸಿ ನೇರವಾಗಿ ಮನೆಯಿಂದಲೇ ಕೆಲಸಕ್ಕೆ ಸೇರಿದವರು ಪಕ್ಕದಲ್ಲಿ ಕುಳಿತ ಹಿರಿಯರಿಂದ ಕಣ್ಣಿನಲ್ಲೇ ಕಲಿಯುವುದನ್ನು ಕಳೆದುಕೊಳ್ಳುತ್ತಾರೆ. ಸಂದೇಹ ಬಂದಾಗ ಕುರ್ಚಿ ತಿರುಗಿಸಿ ಕೇಳುವುದು ಸುಲಭ, ಚಾಟ್‌ನಲ್ಲಿ ಬರೆದು ಕಾಯುವುದು ಸಂಕೋಚದ ಕೆಲಸ. ಇದನ್ನು ಅಲ್ಲಗಳೆಯುವಂತಿಲ್ಲ. ಮಾಹಿತಿ ಸುರಕ್ಷತೆಯ ವಾದಕ್ಕೂ ಬ್ಯಾಂಕ್, ಆಸ್ಪತ್ರೆಗಳ ಪ್ರಾಜೆಕ್ಟ್‌ಗಳಲ್ಲಿ ಅರ್ಥವಿದೆ.

ಆದರೆ ಕರೆ ಹದಿನೈದು ವರ್ಷ ಅನುಭವದವರಿಗೂ ಮೊನ್ನೆ ಸೇರಿದವರಿಗೂ ಒಂದೇ ರೀತಿ ಬಂದಾಗ ಕಲಿಕೆಯ ವಾದ ಸಡಿಲಾಗುತ್ತದೆ. ಕಚೇರಿಗೆ ಹೋದ ಮೇಲೂ ತಂಡದ ಅರ್ಧ ಮಂದಿ ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಇದ್ದು, ಹೆಡ್‌ಫೋನ್ ಹಾಕಿಕೊಂಡು ಅದೇ ವಿಡಿಯೊ ಮೀಟಿಂಗ್‌ನಲ್ಲಿ ಕೂರಬೇಕಾಗಿ ಬಂದರೆ ಅದು ಇನ್ನಷ್ಟು ಸಡಿಲಾಗುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಮನೆಯಿಂದ ಕೆಲಸ ಮಾಡುವುದು ಭಾರತದಲ್ಲಿ ಉದ್ಯೋಗಿಯ ಹಕ್ಕಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೆರಿಗೆ ರಜೆಯ ನಂತರ, ಕೆಲಸದ ಸ್ವರೂಪ ಒಪ್ಪುವುದಾದರೆ, ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಲು ದಾರಿ ಮಾಡಿಕೊಟ್ಟಿತು. ಅಲ್ಲಿಯೂ ಅದು ಒಪ್ಪಂದವೇ ಹೊರತು ಹಕ್ಕಲ್ಲ. ಉಳಿದವರಿಗೆ ನೇಮಕಾತಿ ಪತ್ರದಲ್ಲಿ ಬರೆದದ್ದೇ ಆಧಾರ. ಹೆಚ್ಚಿನ ಪತ್ರಗಳಲ್ಲಿ ಕೆಲಸದ ಸ್ಥಳ ಬೆಂಗಳೂರು ಎಂದಿರುತ್ತದೆ, ಕಂಪನಿ ಬಯಸಿದಲ್ಲಿಗೆ ವರ್ಗಾಯಿಸಬಹುದು ಎಂಬ ಸಾಲೂ ಇರುತ್ತದೆ.

ಕೆಲಸದಿಂದ ತೆಗೆಯುವ ವಿಷಯದಲ್ಲಿ ಕಾನೂನು ಸ್ವಲ್ಪ ಹೆಚ್ಚು ಮಾತಾಡುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದ್ದು, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಪತ್ರಿಕೆಗಳು ಬರೆಯುವ ‘ಲೇಆಫ್’ಗೆ ಕಾನೂನಿನಲ್ಲಿ ತಾತ್ಕಾಲಿಕವಾಗಿ ಕೆಲಸ ಕೊಡಲಾಗದ ಸ್ಥಿತಿ ಎಂದು ಅರ್ಥ, ಶಾಶ್ವತವಾಗಿ ತೆಗೆಯುವುದಕ್ಕೆ ಅಲ್ಲಿ ರಿಟ್ರೆಂಚ್‌ಮೆಂಟ್ ಎಂಬ ಪದವಿದೆ. ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕೆಲಸಗಾರರನ್ನು ಹಾಗೆ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದಷ್ಟು ಪರಿಹಾರ ಕೊಡಬೇಕು. ಕೆಲಸ ಕಳೆದುಕೊಂಡವರು ಹೊಸ ಕೌಶಲ ಕಲಿಯಲೆಂದಿರುವ ಮರುಕೌಶಲ ನಿಧಿಗೆ ಕಂಪನಿ 15 ದಿನದ ವೇತನ ತುಂಬಬೇಕೆಂಬುದು ಹೊಸ ಸೇರ್ಪಡೆ. ದೊಡ್ಡ ಸಂಖ್ಯೆಯಲ್ಲಿ ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಮಾತ್ರ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಿಗೆ ಸೀಮಿತ. ಐಟಿ ಕಚೇರಿ ಅದರಲ್ಲಿ ಬರುವುದಿಲ್ಲ.

ಐಟಿ ಉದ್ಯೋಗಿಗಳು ಈ ‘ಕೆಲಸಗಾರ’ರ ವ್ಯಾಖ್ಯಾನದಲ್ಲಿ ಬರುತ್ತಾರೆಯೇ ಎಂಬುದು ಅವರ ಹುದ್ದೆಯ ಹೆಸರಿನಿಂದ ತೀರ್ಮಾನವಾಗುವುದಿಲ್ಲ, ಮಾಡುವ ಕೆಲಸದಿಂದ ತೀರ್ಮಾನವಾಗುತ್ತದೆ. ಮ್ಯಾನೇಜರ್ ಕೆಲಸ ಮಾಡುವವರು ಹೊರಗೆ, ತಾಂತ್ರಿಕ ಕೆಲಸ ಮಾಡುವವರು ಒಳಗೆ. ಸಂಹಿತೆಯ 18 ಸಾವಿರ ರೂಪಾಯಿಯ ಮಿತಿ ಮೇಲ್ವಿಚಾರಣೆ ಮಾಡುವವರಿಗೆ ಸಂಬಂಧಿಸಿದ್ದು. ‘ಲೀಡ್’ ಎಂಬ ಹೆಸರಿದ್ದೂ ದಿನವಿಡೀ ಕೋಡ್ ಬರೆಯುವವರು ಇದನ್ನು ತಿಳಿದಿರಬೇಕು.

ರಾಜೀನಾಮೆಯ ಪ್ರಶ್ನೆ ಗಂಭೀರವಾಗುವುದು ಇದೇ ಕಾರಣಕ್ಕೆ. ಸ್ವಇಚ್ಛೆಯಿಂದ ಬಿಟ್ಟವರು ರಿಟ್ರೆಂಚ್‌ಮೆಂಟ್ ವ್ಯಾಖ್ಯಾನದಿಂದ ಹೊರಗೆ ಬೀಳುತ್ತಾರೆ. ಅವರಿಗೆ ಆ ಪರಿಹಾರವಿಲ್ಲ. ಎಚ್‌ಆರ್ ವಿಭಾಗದವರು ಹದಿನೈದು ನಿಮಿಷದ ವಿಡಿಯೊ ಕರೆಯಲ್ಲಿ, ‘ನೀವಾಗಿಯೇ ರಾಜೀನಾಮೆ ಹಾಕಿದರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತದೆ’ ಎಂದು ಸಲಹೆ ಕೊಡುವುದು ಏಕೆಂದು ಇದರಿಂದ ಅರ್ಥವಾಗುತ್ತದೆ. ಕಚೇರಿಯಲ್ಲಿದ್ದವರು ಆ ಕರೆ ಮುಗಿದ ಕೂಡಲೇ ಪಕ್ಕದವರನ್ನು ಕೇಳುತ್ತಾರೆ, ನಿನಗೂ ಬಂತಾ ಎಂದು. ಹತ್ತು ಜನರಿಗೆ ಒಂದೇ ದಿನ ಬಂದಿದೆಯೆಂದು ತಿಳಿದರೆ ಅದು ತನ್ನ ವೈಯಕ್ತಿಕ ವೈಫಲ್ಯವಲ್ಲ ಎಂಬುದಾದರೂ ಗೊತ್ತಾಗುತ್ತದೆ. ಊರಿನ ಕೋಣೆಯಲ್ಲಿ ಒಬ್ಬರೇ ಕುಳಿತವರು ಅದನ್ನು ತನ್ನ ಒಬ್ಬರ ಅವಮಾನವೆಂದು ನುಂಗಿಕೊಂಡು, ಅಡುಗೆಮನೆಯಲ್ಲಿರುವ ತಾಯಿಗೂ ಹೇಳದೆ, ಅದೇ ರಾತ್ರಿ ಸಹಿ ಹಾಕುವ ಸಾಧ್ಯತೆ ಹೆಚ್ಚು. ಆ ರಾತ್ರಿ ಸಹಿ ಹಾಕಬಾರದು. ಏನು ಹೇಳಿದರೋ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಇಮೇಲ್ ಕಳುಹಿಸುವುದಕ್ಕೆ ಯಾವ ಕಾನೂನು ಜ್ಞಾನವೂ ಬೇಡ. ಊರಿನಿಂದ ಕೆಲಸ ಮಾಡಲು ಮ್ಯಾನೇಜರ್ ಕೊಟ್ಟ ಬಾಯಿಮಾತಿನ ಅನುಮತಿಯನ್ನೂ ಇಂದೇ ಹಾಗೆ ಒಂದು ಇಮೇಲ್‌ಗೆ ಇಳಿಸಿಕೊಳ್ಳಬಹುದು.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಶಿಸ್ತುಕ್ರಮ, ರಜೆ, ವಜಾ ಇತ್ಯಾದಿಗಳ ನಿಯಮಗಳನ್ನು ಬರೆದು ಸರ್ಕಾರದ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕೆಂಬ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ರಾಜ್ಯ ಸರ್ಕಾರ ಹಲವು ವರ್ಷಗಳಿಂದ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಅದನ್ನು ಮತ್ತೆ ಐದು ವರ್ಷ ವಿಸ್ತರಿಸಿತು. ದೂರು ಪರಿಹಾರ ಸಮಿತಿ ಇರಬೇಕು, ವಜಾ ಮತ್ತಿತರ ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿವೆ. ಅವುಗಳ ಪಾಲನೆ ಸಾಲದೆಂದು 2017ರಲ್ಲಿ ನೋಂದಣಿಯಾದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ವಿನಾಯಿತಿಯನ್ನು ವಿರೋಧಿಸುತ್ತ ಬಂದಿದೆ.

ಜಿಲ್ಲೆಗೆ ಇದರಿಂದ ಏನಾಗಬಹುದು

ಬೆಂಗಳೂರಿನಾಚೆ ಐಟಿ ಬೆಳೆಸುವ ರಾಜ್ಯದ ಯೋಜನೆ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು ಕೇಂದ್ರವಾಗಿ ಇಟ್ಟುಕೊಂಡಿದೆ. ಉತ್ತರ ಕನ್ನಡ ಈ ಮೂರರ ನಡುವೆ, ಯಾವುದಕ್ಕೂ ಪೂರ್ತಿ ಸೇರದೆ ನಿಂತಿದೆ. ಹುಬ್ಬಳ್ಳಿ ಶಿರಸಿಗೆ ಸುಮಾರು 100 ಕಿಲೋಮೀಟರ್. ಕಂಪನಿಗಳು ಬೆಂಗಳೂರಿಗೇ ಬನ್ನಿ ಎನ್ನುವ ಬದಲು ಹುಬ್ಬಳ್ಳಿಯ ಅಥವಾ ಮಂಗಳೂರಿನ ತಮ್ಮ ಕಚೇರಿಯಲ್ಲಿ ತಿಂಗಳ ಹತ್ತು ದಿನ ಹಾಜರಿ ಹಾಕಲು ಬಿಟ್ಟರೆ ಇಲ್ಲಿಯವರಿಗೆ ನಿಭಾಯಿಸಲು ಸಾಧ್ಯವಾದ ದಾರಿಯೊಂದು ತೆರೆಯುತ್ತದೆ. ಮಳೆಗಾಲದ ಘಟ್ಟದ ರಸ್ತೆಗಳನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಈ ಮಾತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಮೂರು ವಾರದ ಬಳಿಕ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹಾಜರಿಯ ಪಟ್ಟಿ ಮಾಡುವವರಿಗೆ ಇಂಥ ದಿನಗಳು ಕಾಣುವುದೇ ಇಲ್ಲ.

ಕರೆ ಪೂರ್ತಿ ಜಾರಿಗೆ ಬಂದರೆ ಮೊದಲು ಹೊರಡುವವರು ಮದುವೆಯಾಗದ ಯುವಕ ಯುವತಿಯರು. ಅವರಿಗೆ ಅದು ಅಷ್ಟು ಕಷ್ಟವೂ ಅಲ್ಲ. ಸಿಕ್ಕಿಹಾಕಿಕೊಳ್ಳುವವರು ನಲವತ್ತರ ಆಸುಪಾಸಿನವರು. ವಯಸ್ಸಾದ ತಂದೆತಾಯಿ ಮನೆಯಲ್ಲಿದ್ದಾರೆ, ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು, ಅಡಿಕೆ ಗೊನೆ ಕೊಯ್ಲಿಗೆ ಜನ ಹುಡುಕಬೇಕು, ಮಕ್ಕಳು ಇಲ್ಲಿಯ ಶಾಲೆಗೆ ಹೊಂದಿಕೊಂಡಿದ್ದಾರೆ. ಉದ್ಯೋಗ ಕಡಿತದಲ್ಲಿ ಮಧ್ಯಮ ಮತ್ತು ಹಿರಿಯ ಹಂತದವರೇ ಹೆಚ್ಚು ಎಂದು ಟಿಸಿಎಸ್ ಹೇಳಿದ್ದೂ ಇದೇ ವಯಸ್ಸಿನವರ ಬಗ್ಗೆ. ಚಿಕ್ಕ ಮಕ್ಕಳ ತಾಯಂದಿರಲ್ಲಿ ಕೆಲವರು ಕೆಲಸವನ್ನೇ ಬಿಡುತ್ತಾರೆ. ಅದೂ ಸ್ವಇಚ್ಛೆಯ ರಾಜೀನಾಮೆ ಎಂದೇ ದಾಖಲಾಗುತ್ತದೆ.

ಊರಿನಲ್ಲಿ ಉಳಿಯುವವರ ಮೇಲೂ ಪರಿಣಾಮವಿದೆ. ಒಂದು ಕೇರಿಯ ಎಂಟು ಹತ್ತು ಮನೆಗೆ ಬೆಟ್ಟ ದಾಟಿಸಿ ಫೈಬರ್ ಎಳೆದ ಕೇಬಲ್‌ನವರಿಗೆ ಆ ಲೈನ್ ಗಿಟ್ಟುವುದು ದಿನವಿಡೀ ಇಂಟರ್ನೆಟ್ ಬೇಕಾದ, ದೊಡ್ಡ ಪ್ಲಾನ್ ಹಾಕಿಸಿಕೊಂಡ ಮೂರು ನಾಲ್ಕು ಮನೆಗಳಿಂದ. ಅದರಲ್ಲಿ ಎರಡು ಮನೆಯವರು ಬೆಂಗಳೂರಿಗೆ ಹೋದರೆ ಸಂಪರ್ಕ ಕಡಿತವಾಗುತ್ತದೆ, ಇಲ್ಲವೇ ವಯಸ್ಸಾದವರ ಟಿವಿಗೆ ಸಾಕಾಗುವ ಸಣ್ಣ ಪ್ಲಾನ್‌ಗೆ ಇಳಿಯುತ್ತದೆ. ಮುಂದಿನ ಜುಲೈನಲ್ಲಿ ಕೊಂಬೆ ಬಿದ್ದು ಎಳೆ ಹರಿದಾಗ ಅದೇ ದಿನ ಏಣಿ ಹೊತ್ತು ಬರುತ್ತಿದ್ದ ಹುಡುಗ ನಾಲ್ಕು ದಿನ ಬಿಟ್ಟು ಬರುತ್ತಾನೆ. ಆ ಕೇರಿಯಲ್ಲಿ ಬರವಣಿಗೆಯ ಅನುಮತಿ ಪಡೆದು ಉಳಿದುಕೊಂಡಿದ್ದ ಕೊನೆಯವರಿಗೆ ಆ ನಾಲ್ಕು ದಿನ ರಜೆ ಹಾಕುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.